ಚಿಹಿರೊ ಇವಾಸಾಕಿಯವರ ಮಕ್ಕಳು

ತೊತ್ತೋ-ಚಾನ್ ಎಂಬ ತುಂಟ ಹುಡುಗಿಯ ಹೆಸರನ್ನು ಕೇಳದ ಅಧ್ಯಾಪಕರು ನಮ್ಮಲ್ಲಿ ವಿರಳ. ಜಪಾನಿನ ತೆತ್ಸುಕೊ ಕುರೊಯಾನಾಗಿಯವರು ತಮ್ಮ ಬಾಲ್ಯದ ಶಾಲೆಯನ್ನು ಕುರಿತು 1981ರಲ್ಲಿ ಪ್ರಕಟಿಸಿದ ಆ ಪುಸ್ತಕ ಕನ್ನಡಕ್ಕೂ ಬಂದಿದೆ. ಮಕ್ಕಳ ಶಿಕ್ಷಣದ ಮಾತು ಬಂದಲ್ಲೆಲ್ಲ ಅದರ ಪ್ರಸ್ತಾಪವಾಗುವುದುಂಟು. ಆದರೆ ಆ ಕಥೆಗೆ ಮುಖವಾಗಿ ನಿಂತ ಮಕ್ಕಳ ಚಿತ್ರಗಳನ್ನು ಬರೆದವರು ಯಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಮೆ. ನೀರಿನಲ್ಲಿ ನೆನೆದು ಹರಡಿಕೊಂಡ ಬಣ್ಣ, ಇದೆಯೋ ಇಲ್ಲವೋ ಎನ್ನಿಸುವಷ್ಟು ಮೆದುವಾದ ಅಂಚು, ಎಲ್ಲಿಯೋ ನೆಟ್ಟ ಎರಡು ಕಪ್ಪು ಕಣ್ಣು — ಆ ಹುಡುಗಿಯನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಅವು ಆ ಕಥೆಗಾಗಿಯೇ ಬರೆದ ಚಿತ್ರಗಳೆಂದು ಓದುಗರು ಸಹಜವಾಗಿ ಭಾವಿಸುತ್ತಾರೆ. ವಾಸ್ತವವಾಗಿ, ಅವನ್ನು ಬರೆದ ಚಿಹಿರೊ ಇವಾಸಾಕಿಯವರು ಪುಸ್ತಕ ಹೊರಬರುವುದಕ್ಕೆ ಏಳು ವರ್ಷ ಮೊದಲೇ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಸಾವಿರಾರು ಚಿತ್ರಗಳಿಂದ ಕಥೆಗೆ ಒಪ್ಪುವಂಥವನ್ನು ಆರಿಸಿಕೊಂಡದ್ದು, ಅಷ್ಟೆ. ಹಾಗೆ ಆರಿಸಿದರೂ ಒಪ್ಪಿದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಆ ಚಿತ್ರಕಲಾವಿದೆಯ ಜೀವನದ ಕಡೆಗೆ ಎಳೆಯಿತು.

ಇಷ್ಟು ಕೋಮಲವಾದ ಕೈಯುಳ್ಳವರ ಬದುಕೂ ಹೂದೋಟದಂತೆ ಇದ್ದಿರಬೇಕೆಂದು ಊಹಿಸುವುದು ಸುಲಭ. ಕಷ್ಟಪಟ್ಟ ಕಲಾವಿದರು ಎಲ್ಲ ದೇಶಗಳಲ್ಲಿಯೂ ಉಂಟು, ಇವರೂ ಕಷ್ಟಪಟ್ಟರು. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯದೇ ಸಂಗತಿ. ಏಷ್ಯ ಖಂಡವೆಲ್ಲ ಯುದ್ಧದಿಂದ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಈ ಹೆಣ್ಣುಮಗಳು ಅದನ್ನು ಬಹುಕಾಲ ಕಾಣದೆಯೇ ಬೆಳೆದರು. ಅದೂ ಯುದ್ಧದ ಚಾಕರಿಯಲ್ಲಿದ್ದ ಮನೆಯಲ್ಲಿ ಬೆಳೆದರು.

ಚಿಹಿರೊ ಹುಟ್ಟಿದ್ದು 1918ರ ಡಿಸೆಂಬರ್ 15ರಂದು, ಫುಕುಯಿ ಪ್ರಾಂತದ ತಾಕೆಫು ಎಂಬ ಊರಿನಲ್ಲಿ. ತಾಯಿ ಫುಮಿಯೆ ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಕಿಯಾಗಿದ್ದರು. ತಂದೆ ಮಾಸಾಕಾತ್ಸು ಸೈನ್ಯದ ಕಟ್ಟಡಗಳ ವಿಭಾಗದಲ್ಲಿ ಎಂಜಿನಿಯರು. ಮಗು ಹುಟ್ಟಿದ ಮಾರನೆಯ ವರ್ಷವೇ ಕುಟುಂಬ ಟೋಕಿಯೋಗೆ ಬಂದಿತು. ಮೂವರು ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು. ತಂದೆತಾಯಿ ಇಬ್ಬರೂ ದುಡಿಯುತ್ತಿದ್ದ ಆ ಮನೆಯಲ್ಲಿ ಆ ಕಾಲಕ್ಕೆ ಅಪರೂಪವಾದ ಗ್ರಾಮೋಫೋನು, ಆರ್ಗನ್ ವಾದ್ಯ, ಕ್ಯಾಮೆರಾ ಎಲ್ಲವೂ ಇದ್ದವು. ನೆರೆಮನೆಗೆ ಬರುತ್ತಿದ್ದ ‘ಕೊದೊಮೊ ನೊ ಕುನಿ’ — ಮಕ್ಕಳ ನಾಡು — ಎಂಬ ಸಚಿತ್ರ ಪತ್ರಿಕೆಯನ್ನು ಪುಟ್ಟ ಚಿಹಿರೊ ಎವೆಯಿಕ್ಕದೆ ನೋಡುತ್ತಿದ್ದಳು. ಶ್ರೇಷ್ಠ ಚಿತ್ರಕಾರರು ಮಕ್ಕಳಿಗಾಗಿಯೇ ಬರೆಯುತ್ತಿದ್ದ ಪತ್ರಿಕೆ ಅದು. ಶಾಲೆಯ ಮಗುವಿನ ಕೈಗೆ ಒಳ್ಳೆಯ ಚಿತ್ರ ಸಿಕ್ಕರೆ ಅದು ಎಲ್ಲಿಯವರೆಗೆ ಹೋದೀತು ಎಂಬುದನ್ನು ಲೆಕ್ಕ ಹಾಕಲು ಬಾರದು.

ಹುಡುಗಿಗೆ ಚಿತ್ರದ ಹುಚ್ಚು ಹಿಡಿದದ್ದನ್ನು ತಾಯಿ ಗಮನಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಕಾದಾ ಸಾಬುರೋಸುಕೆ ಎಂಬ ಹೆಸರಾಂತ ತೈಲಚಿತ್ರಕಾರರ ಬಳಿ ಪಾಠಕ್ಕೆ ಬಿಟ್ಟರು. ಹದಿನೆಂಟಕ್ಕೆಲ್ಲ ಚಿಹಿರೊ ಬರೆದ ಚಿತ್ರ ಮಹಿಳಾ ಕಲಾವಿದರ ಪ್ರದರ್ಶನವೊಂದರಲ್ಲಿ ಸ್ಥಾನ ಪಡೆಯಿತು. ಆದರೆ ಕಲಾಶಾಲೆಗೆ ಸೇರುವುದಕ್ಕೆ ಹಿರಿಯರ ಒಪ್ಪಿಗೆ ದೊರೆಯಲಿಲ್ಲ. ಅದರ ಬದಲು ಸಾಂಪ್ರದಾಯಿಕವಾದ ಲಿಪಿಕಲೆಯ ಅಭ್ಯಾಸ ಆರಂಭವಾಯಿತು. ಅದರಲ್ಲಿಯೂ ಆಕೆ ಬೇಗನೆ ಗುರುವಿನ ಬದಲಿಗೆ ಪಾಠ ಹೇಳುವಷ್ಟು ಮುಂದುವರಿದರು. ಇಲ್ಲೊಂದು ಸ್ವಾರಸ್ಯವುಂಟು: ಚಿಹಿರೊ ಎಡಗೈಯವರು. ಕುಂಚದಿಂದ ಅಕ್ಷರ ಬರೆಯುವುದು ಬಲಗೈ, ಚಿತ್ರ ಬರೆಯುವುದು ಎಡಗೈ. ಮುಂದೆ ಅವರ ಚಿತ್ರಗಳಲ್ಲಿ ನೀರು ಮತ್ತು ಬಣ್ಣಗಳು ತಾವೇ ತಾವಾಗಿ ಹರಿದು ನಿಲ್ಲುವಂತೆ ಕಾಣುವ ಆ ಬಗೆ, ಒಮ್ಮೆ ಎಳೆದರೆ ತಿದ್ದಲಾಗದ ಆ ರೇಖೆ, ಈ ಲಿಪಿಕಲೆಯ ಸಾಧನೆಯಿಂದ ಬಂದುದೆಂದು ಬಲ್ಲವರು ಹೇಳುತ್ತಾರೆ. ಬೇಡವೆಂದು ತಡೆದ ದಾರಿಗೆ ಬದಲಾಗಿ ಹಿರಿಯರು ತೋರಿಸಿದ ದಾರಿ, ತಡೆದ ದಾರಿಗೇ ಹೋಗಿ ಕೂಡಿತು.

1937ರ ಜುಲೈ ತಿಂಗಳಲ್ಲಿ ಜಪಾನು ಚೀನಾದೊಡನೆ ಪೂರ್ಣಯುದ್ಧಕ್ಕೆ ತೊಡಗಿತು. ಮಂಚೂರಿಯವನ್ನು ಅದಕ್ಕಿಂತ ಆರು ವರ್ಷ ಹಿಂದೆಯೇ ನುಂಗಿಯಾಗಿತ್ತು. ತಂದೆಯದು ಸೈನ್ಯದ ಕೆಲಸ. ತಾಯಿಯೂ ಕೆಲಕಾಲದಲ್ಲಿ ತರುಣಿಯರ ರಾಷ್ಟ್ರೀಯ ಸಂಘಟನೆಯಲ್ಲಿ ಹೊಣೆ ಹೊತ್ತು, ಮಂಚೂರಿಯದಲ್ಲಿ ನೆಲೆಸಿದ್ದ ಜಪಾನೀ ರೈತಯುವಕರಿಗೆ ವಧುಗಳನ್ನು ಹುಡುಕಿ ಕಳುಹಿಸುವ ಕಾರ್ಯದಲ್ಲಿ ತೊಡಗಿದರು. ದೇಶಸೇವೆಯೆಂಬ ನಿಜವಾದ ನಂಬಿಕೆಯಿಂದಲೇ ಅವರು ಅದನ್ನು ಮಾಡಿದರು ಎನ್ನಬೇಕು. ಒಳ್ಳೆಯವರು, ವಿದ್ಯಾವಂತರು, ಮಕ್ಕಳನ್ನು ಪ್ರೀತಿಸಿದ ತಂದೆತಾಯಿಗಳು. ಅಂಥವರ ಕೈಯಿಂದಲೇ ಯುದ್ಧದ ಯಂತ್ರ ದಿನದಿನದ ಕೆಲಸವನ್ನು ಮಾಡಿಸಿಕೊಂಡಿತು. ದುಷ್ಟರಿಂದ ಮಾತ್ರ ಯುದ್ಧ ನಡೆಯುವುದಾಗಿದ್ದರೆ ಅದು ಎಂದೋ ನಿಂತುಹೋಗುತ್ತಿತ್ತು.

ಗಂಡುಮಕ್ಕಳಿಲ್ಲದ ಮನೆ, ಹಿರಿಯ ಮಗಳಿಗೆ ಮನೆಯಳಿಯನನ್ನು ತರುವುದು ಅಲ್ಲಿಯ ಸಂಪ್ರದಾಯ. ಚಿಹಿರೊಗೆ ಇಷ್ಟವಿರಲಿಲ್ಲ. ಆದರೂ 1939ರಲ್ಲಿ, ಇಪ್ಪತ್ತು ವರ್ಷದ ವಯಸ್ಸಿನಲ್ಲಿ, ಮದುವೆ ನಡೆಯಿತು. ವರನಿಗೆ ದಾಲಿಯನ್ ನಗರದಲ್ಲಿ ಕೆಲಸ. ಆಗ ಅದು ಜಪಾನಿನ ಅಧೀನದಲ್ಲಿದ್ದ ಬಂದರು. ವಧು ಅಲ್ಲಿಗೆ ಹೋದರು. ಹೋದರೇ ಹೊರತು ಆ ದಾಂಪತ್ಯಕ್ಕೆ ಮನಸ್ಸು ಕೊಡಲಾರದೆ ಹೋದರು. ಗಂಡನಾದವನು ಆಕೆಯನ್ನು ಪ್ರೀತಿಸಿದ್ದನು. 1941ರಲ್ಲಿ ಆತ ತನ್ನ ಜೀವವನ್ನು ತಾನೇ ತೆಗೆದುಕೊಂಡನು. ಇಪ್ಪತ್ತೆರಡು ವರ್ಷದ ವಿಧವೆಯಾಗಿ ಚಿಹಿರೊ ಟೋಕಿಯೋಗೆ ಮರಳಿದರು. ಈ ಪ್ರಸಂಗವನ್ನು ನಾನು ಹೆಚ್ಚು ಬೆಳೆಸಲಾರೆ. ಇಷ್ಟು ಮಾತ್ರ ನಿಜ: ತನ್ನ ಪಾಡಿಗೆ ತಾನು ನಡೆದುಕೊಂಡರೂ ಇನ್ನೊಂದು ಜೀವಕ್ಕೆ ಅದರಿಂದ ಏನಾದೀತು ಎಂಬ ಅರಿವು ಆಕೆಗೆ ಮೊದಲು ಬಂದದ್ದು ಯುದ್ಧರಂಗದಿಂದಲ್ಲ, ತನ್ನದೇ ಮನೆಯಿಂದ.

ಮರಳಿ ಬಂದವರು ಚಿತ್ರವನ್ನು ಮತ್ತೆ ಹಿಡಿದರು, ಲಿಪಿಕಲೆಯನ್ನೂ ಬಿಡಲಿಲ್ಲ. 1944ರ ವಸಂತದಲ್ಲಿ ಹೆಣ್ಣುಮಕ್ಕಳ ವಲಸೆಯ ತಂಡವೊಂದರ ಜೊತೆಗೆ, ಲಿಪಿಕಲೆಯ ಅಧ್ಯಾಪಕಿಯಾಗಿ, ಮತ್ತೆ ಮಂಚೂರಿಯಕ್ಕೆ ಹೊರಟರು. ಈ ಸಲ ಬಂದರಿನ ನಾಗರಿಕ ಜೀವನವಲ್ಲ. ಈಶಾನ್ಯ ಭಾಗದ ಬೋಲಿ ಎಂಬ ಪ್ರದೇಶ. ಹೊಸ ನಾಡು, ಹೊಸ ಬಾಳು ಎಂದು ನಂಬಿಸಿ ಕರೆತಂದಿದ್ದ ಆ ನೆಲದಲ್ಲಿ ಕಂಡದ್ದು ಬರಿಯ ಬಡತನ. ಅಂಥ ಕಡೆ ಕುಂಚ ಹಿಡಿದು ಅಕ್ಷರ ತಿದ್ದಿಸುವುದಾದರೂ ಯಾರಿಗೆ? ಅದೇ ವರ್ಷ ಚಿಹಿರೊ ಊರಿಗೆ ಹಿಂದಿರುಗಿದರು. ಹಿಂದಿರುಗುವ ಅನುಕೂಲ ಆಕೆಗಿತ್ತು. ಜೊತೆಯಲ್ಲಿದ್ದ ಹೆಣ್ಣುಮಕ್ಕಳೆಲ್ಲರಿಗೂ ಅದು ಇರಲಿಲ್ಲ.

ಅಲ್ಲಿ ಉಳಿದವರಿಗೆ ಏನಾಯಿತು ಎಂಬುದನ್ನು ಇತಿಹಾಸ ಬರೆದಿಟ್ಟಿದೆ. 1945ರ ಆಗಸ್ಟ್ 9ರಂದು ಸೋವಿಯತ್ ಸೇನೆ ಗಡಿ ದಾಟಿ ಬಂದಿತು. ವಸಾಹತುಗಳಲ್ಲಿದ್ದ ಗಂಡಸರಲ್ಲಿ ಬಹುಮಂದಿಯನ್ನು ಆ ಮುಂಚೆಯೇ ಸೈನ್ಯಕ್ಕೆ ಎಳೆದುಕೊಂಡಿದ್ದರು. ಉಳಿದದ್ದು ಮುದುಕರು, ಹೆಂಗಸರು, ಮಕ್ಕಳು. ಮಂಚೂರಿಯಕ್ಕೆ ಹೋಗಿ ನೆಲೆಸಿದ ಸುಮಾರು 2,70,000 ಜಪಾನೀ ವ್ಯವಸಾಯಗಾರರಲ್ಲಿ ಸುಮಾರು 80,000 ಜನ ಗುಂಡು, ಹಸಿವು, ಚಳಿ, ರೋಗಗಳಿಂದ ಸತ್ತರು. ಆ ವಸಾಹತುಗಳಿಗಾಗಿ ತಮ್ಮ ಹೊಲಮನೆಗಳನ್ನು ಕಳೆದುಕೊಂಡಿದ್ದ ಚೀನೀ ರೈತರ ಕಥೆ ಇನ್ನೊಂದು. ಅದನ್ನು ಮರೆತು ಇದನ್ನು ಹೇಳುವುದು ನ್ಯಾಯವಾಗದು. ತಾಯಿ ಕಳುಹಿಸಿದ ವಧುಗಳು, ಮಗಳು ಜೊತೆಯಲ್ಲಿ ಹೋಗಿಬಂದ ಹುಡುಗಿಯರು — ಇವರನ್ನು ಆ ಮನೆಯವರು ಎಂದಾದರೂ ಮರೆಯುವುದು ಸಾಧ್ಯವಿತ್ತೇ?

ಅಷ್ಟರಲ್ಲಿ ಯುದ್ಧ ಟೋಕಿಯೋಗೇ ಬಂದಿತು. 1945ರ ಮಾರ್ಚ್ 10ರ ಒಂದೇ ರಾತ್ರಿಯ ಬೆಂಕಿಯ ಮಳೆಯಲ್ಲಿ ನಗರದ ಪೂರ್ವಭಾಗದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಮೇ 25ರ ರಾತ್ರಿ ಪಶ್ಚಿಮದ ಬಡಾವಣೆಗಳ ಸರದಿ. ನಾಕಾನೊದಲ್ಲಿದ್ದ ಇವಾಸಾಕಿಯವರ ಮನೆ ಸುಟ್ಟು ಬೂದಿಯಾಯಿತು. ಚಿಹಿರೊ ಮನೆಯವರೊಡನೆ ಉರಿಯ ನಡುವೆ ಓಡಿ ಜೀವ ಉಳಿಸಿಕೊಂಡರು. ಕುರೊಯಾನಾಗಿಯವರ ಶಾಲೆಯೂ ಆ ವರ್ಷದ ವಿಮಾನದಾಳಿಯಲ್ಲಿಯೇ ಸುಟ್ಟುಹೋಯಿತೆಂಬುದನ್ನು ತೊತ್ತೋ-ಚಾನ್ ಓದಿದವರು ನೆನೆದಾರು. ಕಥೆಗೂ ಚಿತ್ರಗಳಿಗೂ ಆದ ಹೊಂದಿಕೆಗೆ ಒಂದು ಕಾರಣ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಒಂದೇ ನಗರದ ಒಂದೇ ಬೆಂಕಿಯನ್ನು ದಾಟಿಬಂದ ಇಬ್ಬರು, ಬೆಂಕಿಗೆ ಮುಂಚಿನ ಮಕ್ಕಳನ್ನು ನೆನಪಿಟ್ಟುಕೊಂಡರು.

ಮನೆ ಕಳೆದುಕೊಂಡ ಕುಟುಂಬ ತಾಯಿಯ ತವರಾದ ನಾಗಾನೊ ಪ್ರಾಂತದ ಮಾತ್ಸುಮೋತೊಗೆ ಹೋಗಿ ಸೇರಿತು. ಯುದ್ಧ ಮುಗಿದ ಸುದ್ದಿ ಆಗಸ್ಟ್ 15ರಂದು ಬಂದದ್ದು ಅಲ್ಲಿಗೆ. ಮಾರನೆಯ ದಿನವೇ ಚಿಹಿರೊ ಒಂದು ಪುಸ್ತಕದಲ್ಲಿ ಬರೆಯಲು ತೊಡಗಿದರು. ಹುಲ್ಲಿನ ತೆನೆ ಎಂಬ ಅರ್ಥ ಬರುವ ‘ಕುಸಾಹೊ’ ಎಂಬ ಹೆಸರನ್ನು ಅದಕ್ಕಿಟ್ಟರು. ಅದರಲ್ಲಿ ಚಿತ್ರಗಳಿವೆ, ದಿನಚರಿಯ ಟಿಪ್ಪಣಿಗಳಿವೆ, ಮಿಯಾಜಾವಾ ಕೆಂಜಿ ಎಂಬ ಕವಿ ಹಾಗೂ ಕಥೆಗಾರನ ಬರಹದ ಮೇಲೆ ಆಕೆಗಿದ್ದ ಮೋಹದ ಗುರುತುಗಳಿವೆ. ಸೋತ ದೇಶದ ಹಳ್ಳಿಯೊಂದರಲ್ಲಿ, ಊಟಕ್ಕೇ ಕೊರತೆಯಿದ್ದಾಗ, ಇಪ್ಪತ್ತಾರು ವರ್ಷದ ಹೆಂಗಸು ಹುಲ್ಲಿನ ತೆನೆಯನ್ನು ಕುರಿತು ಯೋಚಿಸುತ್ತಿದ್ದಳೆಂದರೆ ಕೆಲವರಿಗೆ ನಗೆ ಬಂದೀತು. ನನಗೆ ಬರುವುದಿಲ್ಲ.

ಜಯಶಾಲಿಗಳ ಆಡಳಿತ ಬಂದ ಮೇಲೆ, ಯುದ್ಧಕ್ಕೆ ಸಹಾಯ ಮಾಡಿದವರೆಂದು ತಂದೆತಾಯಿ ಇಬ್ಬರೂ ಸಾರ್ವಜನಿಕ ಹುದ್ದೆಗಳಿಂದ ಬಹಿಷ್ಕೃತರಾದರು. ಅವರು 1947ರಲ್ಲಿ ಮಾತ್ಸುಕಾವಾ ಎಂಬ ಹಳ್ಳಿಗೆ ಹೋಗಿ, ಬಂಜರು ನೆಲವನ್ನು ಅಗೆದು ಬೇಸಾಯ ಮಾಡುವವರಾದರು. ಇತರರ ಮಕ್ಕಳನ್ನು ಹೊಸ ನೆಲ ಉಳುವುದಕ್ಕೆ ಕಳುಹಿಸಿಕೊಟ್ಟಿದ್ದ ತಾಯಿ ಕೊನೆಗೆ ತಾವೇ ಗುದ್ದಲಿ ಹಿಡಿದು ಹೊಸ ನೆಲಕ್ಕೆ ನಿಂತರು.

ಮಗಳು ಹಿಡಿದ ದಾರಿ ಅವರ ದಾರಿಗೆ ನೇರ ವಿರುದ್ಧವಾದುದು. ಮಾತ್ಸುಮೋತೊದಲ್ಲಿ ಕಮ್ಯೂನಿಸ್ಟರ ಭಾಷಣವೊಂದನ್ನು ಕೇಳಿದರು. ಯುದ್ಧ ಬೇಡವೆಂದು ಹೇಳಿ ವರ್ಷಗಟ್ಟಲೆ ಸೆರೆಮನೆಯಲ್ಲಿದ್ದವರು ತಮ್ಮ ದೇಶದಲ್ಲಿಯೇ ಇದ್ದರೆಂಬುದು ಆಕೆಗೆ ಆಗ ತಿಳಿಯಿತು. ತಾನು ನೃತ್ಯ, ಸಂಗೀತ, ಲಿಪಿಕಲೆಗಳಲ್ಲಿ ಮುಳುಗಿದ್ದಾಗ ಬೇರೆಯವರಿಗೆ ಕಂಡದ್ದು ತನಗೇಕೆ ಕಾಣಲಿಲ್ಲ? 1946ರ ಆರಂಭದಲ್ಲಿ ಆ ಪಕ್ಷವನ್ನು ಸೇರಿದರು. ಆ ವರ್ಷವೇ ಮನೆಯವರಿಗೆ ಒಪ್ಪಿಗೆಯಿಲ್ಲದಿದ್ದರೂ ಒಬ್ಬರೇ ಟೋಕಿಯೋಗೆ ಹೊರಟು ಜನರ ಪತ್ರಿಕೆಯೆಂದು ಹೆಸರಿದ್ದ ‘ಜಿನ್ಮಿನ್ ಶಿಂಬುನ್’ ಪತ್ರಿಕೆಯಲ್ಲಿ ವರದಿಗಾರ್ತಿಯಾದರು. ಪಕ್ಷದ ರಾಜಕೀಯವನ್ನು ಒಪ್ಪುವುದು ಬಿಡುವುದು ಓದುಗರ ವಿವೇಚನೆಗೆ ಸೇರಿದ್ದು. ಆಕೆಯ ಮಟ್ಟಿಗೆ ಅದು ಸಿದ್ಧಾಂತಗಳ ವಾದಕ್ಕಿಂತ ಹೆಚ್ಚಾಗಿ, ಕಾಣದೆ ಕಳೆದ ವರ್ಷಗಳಿಗೆ ಕೊಟ್ಟ ಉತ್ತರವಾಗಿತ್ತು. ಸಾಯುವವರೆಗೂ ಆ ಪಕ್ಷವನ್ನು ಬಿಡಲಿಲ್ಲ.

ಟೋಕಿಯೋದಲ್ಲಿ ಆಕೆ ಚಿತ್ರಕಲೆಯನ್ನು ಮತ್ತೆ ಮೊದಲಿನಿಂದ ಕಲಿತರು. ಗುರುಗಳಾಗಿ ದೊರೆತವರು ಮಾರುಕಿ ಇರಿ ಮತ್ತು ತೋಶಿ ದಂಪತಿಗಳು. ಹಿರೊಶಿಮಾದ ದುರಂತವನ್ನು ಬೃಹತ್ತಾದ ಫಲಕಗಳಲ್ಲಿ ಚಿತ್ರಿಸಿ ಮುಂದೆ ಲೋಕಪ್ರಸಿದ್ಧರಾದವರು. ಬಾಲ್ಯದಲ್ಲಿ ಚಿಹಿರೊಗೆ ಪ್ರಿಯಳಾಗಿದ್ದವಳು ಫ್ರಾನ್ಸಿನ ಮರೀ ಲೋರಾನ್ಸೆಂ. ಅವಳ ತೆಳುಬಣ್ಣದ ಕನಸಿನ ಹುಡುಗಿಯರು ಯಾರಿಗೆ ಹಿಡಿಸರು? ಈಗ ಅವಳ ಜೊತೆಗೆ ಜರ್ಮನಿಯ ಕ್ಯಾಥೆ ಕೋಲ್ವಿಟ್ಜ್ ಬಂದು ನಿಂತಳು. ಅವಳದು ಸತ್ತ ಮಗುವನ್ನು ತಬ್ಬಿದ ತಾಯಂದಿರ ಕಪ್ಪುರೇಖೆಯ ಲೋಕ. ಈ ಇಬ್ಬರನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ. ಚಿಹಿರೊ ಇಬ್ಬರಲ್ಲಿ ಯಾರನ್ನೂ ಹೊರಹಾಕಲಿಲ್ಲ.

1949ರಲ್ಲಿ ಒಂದು ‘ಕಾಮಿಶಿಬಾಯಿ’ಗೆ ಚಿತ್ರ ಬರೆಯುವ ಕೆಲಸ ಬಂದಿತು. ಕಾಗದದ ನಾಟಕವೆಂದು ಇದರ ಅರ್ಥ. ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಬೀದಿಯ ಮಕ್ಕಳಿಗೆ ಕಥೆ ಹೇಳುವ ಕಲೆ ಅದು. ನಮ್ಮ ಕಿಳ್ಳೇಕ್ಯಾತರ ಆಟದ ದೂರದ ನೆಂಟನೆನ್ನಬಹುದು. ಯುದ್ಧದ ದಿನಗಳಲ್ಲಿ ಸರಕಾರ ಅದನ್ನೂ ಬಿಡದೆ ತನ್ನ ಪ್ರಚಾರಕ್ಕೆ ಹಚ್ಚಿತ್ತು. ಚಿಹಿರೊ ಚಿತ್ರಿಸಿದ್ದು ಆಂಡರ್ಸನ್ ಬರೆದ ತಾಯಿಯ ಕಥೆ. ಸಾವು ತನ್ನ ಕೂಸನ್ನು ಎತ್ತಿಕೊಂಡು ಹೋದಾಗ ಅದರ ಬೆನ್ನುಹತ್ತಿದ ತಾಯಿ, ದಾರಿ ಕೇಳುವುದಕ್ಕಾಗಿ ಸರೋವರಕ್ಕೆ ತನ್ನ ಕಣ್ಣುಗಳನ್ನೇ ಅತ್ತು ಕೊಡುತ್ತಾಳೆ, ಕರಿಯ ಕೂದಲನ್ನು ಕೊಟ್ಟು ಮುದುಕಿಯ ಬಿಳಿಕೂದಲನ್ನು ಪಡೆಯುತ್ತಾಳೆ. 1950ರಲ್ಲಿ ಅಚ್ಚಾದ ಈ ಕೃತಿಗೆ ಶಿಕ್ಷಣಮಂತ್ರಿಗಳ ಪ್ರಶಸ್ತಿ ಬಂದಿತು. ಚಿತ್ರಕಲೆಯನ್ನೇ ನಂಬಿ ಬದುಕುವುದೆಂದು ಆಕೆ ನಿಶ್ಚಯಿಸಿದ್ದು ಈ ಕೃತಿಯ ಕಾಲದಲ್ಲಿ. ಮುಂದೆ ಇಪ್ಪತ್ತಮೂರು ವರ್ಷಗಳ ಬಳಿಕ ಅದೇ ತಾಯಿ, ಅದೇ ಕೂಸು, ಬೇರೊಂದು ದೇಶದ ಬೆಂಕಿಯಲ್ಲಿ ಆಕೆಗೆ ಮತ್ತೆ ಎದುರಾದರು. ಅದನ್ನು ಮುಂದೆ ಹೇಳುತ್ತೇನೆ.

1950ರ ಜನವರಿಯಲ್ಲಿ, ಪಕ್ಷದ ಕೆಲಸದಲ್ಲಿ ಪರಿಚಯವಾದ ಮಾತ್ಸುಮೋತೊ ಜೆನ್ಮೇಯಿ ಎಂಬ ಯುವಕನನ್ನು ಚಿಹಿರೊ ಮದುವೆಯಾದರು. ವರ ವಧುವಿಗಿಂತ ಏಳು ವರ್ಷಕ್ಕೂ ಮಿಕ್ಕಿ ಚಿಕ್ಕವನು. ಕಾಂದಾ ಎಂಬಲ್ಲಿಯ ಬಾಡಿಗೆಯ ಕೋಣೆಯೇ ಮದುವೆಯ ಮಂಟಪ. ಇದ್ದ ಹಣದಲ್ಲಿ ಕೋಣೆ ತುಂಬ ಹೂವನ್ನು ಕೊಂಡು ತಂದಿದ್ದರಂತೆ. ಮರುವರ್ಷ ತಾಕೇಶಿ ಹುಟ್ಟಿದನು. ಗಂಡ ವಕೀಲಿಗಾಗಿ ಓದುತ್ತಿದ್ದುದರಿಂದ ಸಂಸಾರ ನಡೆಯಬೇಕಾದದ್ದು ಆಕೆಯ ಕುಂಚದಿಂದ. ಒಂದು ಕೋಣೆಯಲ್ಲಿ ಕೂಸನ್ನೂ ಕೆಲಸವನ್ನೂ ಒಟ್ಟಿಗೆ ನಡೆಸಲಾಗದೆ, ಎಳೆಗೂಸನ್ನು ಮಾತ್ಸುಕಾವಾದಲ್ಲಿ ತಂದೆತಾಯಿಗಳ ಬಳಿ ಬಿಟ್ಟರು. ದುಡ್ಡು ಒದಗಿದಾಗಲೆಲ್ಲ ರೈಲು ಹತ್ತಿ ಹೋಗಿ ಮಗುವನ್ನು ನೋಡುವುದು, ಅದು ಮಲಗಿದ್ದರೂ ಎದ್ದಿದ್ದರೂ ಬಿಡದೆ ಬರೆದುಕೊಳ್ಳುವುದು, ಮತ್ತೆ ಟೋಕಿಯೋಗೆ ಮರಳುವುದು. ಹತ್ತು ತಿಂಗಳ ಮಗುವಿಗೂ ವರ್ಷ ತುಂಬಿದ ಮಗುವಿಗೂ ಇರುವ ವ್ಯತ್ಯಾಸವನ್ನು ಎದುರಿಗೆ ಮಗುವಿಲ್ಲದೆಯೇ ಚಿತ್ರಿಸಬಲ್ಲವರೆಂದು ಮುಂದೆ ಅವರಿಗೆ ಖ್ಯಾತಿ ಬಂದಿತು. ಆ ವಿದ್ಯೆ ಬಂದದ್ದು ಈ ಅಗಲಿಕೆಯಲ್ಲಿ. 1952ರಲ್ಲಿ ನೆರಿಮಾ ಭಾಗದಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡ ಮೇಲೆ ಮಗು ತಾಯಿಯ ಬಳಿಗೆ ಬಂದಿತು.

ಮುಂದಿನ ಹತ್ತು ವರ್ಷ ಕೆಲಸವೇ ಕೆಲಸ. ಪಠ್ಯಪುಸ್ತಕ, ಮಕ್ಕಳ ಪತ್ರಿಕೆ, ಜಾಹೀರಾತು, ಬಂದುದೆಲ್ಲವನ್ನೂ ಬರೆದರು. 1956ರಲ್ಲಿ ಮೊದಲ ಚಿತ್ರಪುಸ್ತಕ ಬಂದಿತು. ಆದರೆ ಒಡನಾಡಿಗಳಾದ ವಾಸ್ತವವಾದಿಗಳಿಂದ ಒಂದು ಆಕ್ಷೇಪಣೆ ಮೇಲಿಂದ ಮೇಲೆ ಕೇಳಿಬರುತ್ತಿತ್ತು. ಈಕೆಯ ಮಕ್ಕಳು ಬಹಳ ಮುದ್ದು, ಬಹಳ ಸಿಹಿ. ಹರಕು ಬಟ್ಟೆಯ, ಕೆಸರು ಮೆತ್ತಿದ ದುಡಿಯುವವರ ಮಕ್ಕಳೆಲ್ಲಿ? ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆ ಕಾಲದ ಕೆಲವು ಚಿತ್ರಗಳು ಸಕ್ಕರೆಯ ಬೊಂಬೆಗಳಂತಿವೆ. ಚಿಹಿರೊ ಕೂಡ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗಿದರು. ಹರಕು ಬಟ್ಟೆಯನ್ನು ತೊಡಿಸಿದರೂ ಆ ಮಕ್ಕಳ ಮುಖ ಮಾತ್ರ ತನ್ನ ಮಾತನ್ನು ಬಿಟ್ಟುಕೊಡುತ್ತಿರಲಿಲ್ಲ. 1963ರಲ್ಲಿ ‘ಮಕ್ಕಳ ಸುಖ’ ಎಂಬರ್ಥದ ಹೆಸರಿನ ಪತ್ರಿಕೆಯೊಂದು ಮುಖಚಿತ್ರಗಳನ್ನು ಬರೆಯಲು ಕೇಳಿತು. ವಸ್ತು ಮಗುವಾಗಿರಬೇಕು, ಉಳಿದದ್ದೆಲ್ಲ ಕಲಾವಿದೆಯ ಇಷ್ಟ ಎಂಬುದು ಅವರ ಷರತ್ತು. ಅಲ್ಲಿಂದ ಆಕೆಯ ಕೈ ಸ್ವತಂತ್ರವಾಯಿತು. ಗೆರೆ ಕರಗಿತು, ಬಣ್ಣ ನೀರಿನಲ್ಲಿ ಹರಡಿತು, ಹಾಳೆಯ ಬಹುಭಾಗ ಬಿಳಿದಾಗಿ ಉಳಿಯಿತು. ಇಂದು ನಾವು ನೋಡಿ ಗುರುತಿಸುವ ಚಿಹಿರೊ ಹುಟ್ಟಿದ್ದು ಆಗ. 1968ರಲ್ಲಿ ಬಂದ, ಮಳೆಯ ದಿನ ಮನೆಯಲ್ಲಿ ಒಬ್ಬಳೇ ತಾಯಿಗಾಗಿ ಕಾಯುವ ಹುಡುಗಿಯ ಪುಸ್ತಕದಲ್ಲಿ ಕಥೆಯೆನ್ನುವುದೇ ಇಲ್ಲವೆಂಬಷ್ಟು ಕಡಮೆ; ಕಾಯುವ ಮಗುವಿನ ಅಂಜಿಕೆ ಮಾತ್ರ ಹಾಳೆಹಾಳೆಗೂ ಒದ್ದೆಯಾಗಿ ಹರಡಿದೆ. ಹಕ್ಕಿ ಬಂದ ದಿನದ ಪುಸ್ತಕಕ್ಕೆ 1973ರಲ್ಲಿ ಇಟಲಿಯ ಬೊಲೋನ್ಯಾದ ಮಕ್ಕಳ ಪುಸ್ತಕಮೇಳದಲ್ಲಿ ಬಹುಮಾನ ದೊರೆಯಿತು.

ವ್ಯವಹಾರದಲ್ಲಿಯೂ ಈಕೆ ಮೆದುವಲ್ಲ. ಮಕ್ಕಳ ಪುಸ್ತಕಕ್ಕೆ ಬರೆದ ಚಿತ್ರವನ್ನು ಪ್ರಕಾಶಕರು ಕೊಂಡ ಸರಕೆಂದು ಭಾವಿಸಿ, ಅಚ್ಚಾದ ಬಳಿಕ ಎಲ್ಲಿಯೋ ಬಿಸಾಡುತ್ತಿದ್ದ ಕಾಲ. ಮೂಲಚಿತ್ರ ಬರೆದವರಿಗೆ ಹಿಂದಿರುಗಬೇಕು, ಹಕ್ಕು ಅವರದಾಗಿರಬೇಕು ಎಂದು ಚಿಹಿರೊ ಹಟ ಹಿಡಿದರು. ಕೆಲಸ ಕೈತಪ್ಪಿದರೂ ಬಿಡಲಿಲ್ಲ. ಅವರ 9,000ಕ್ಕೂ ಹೆಚ್ಚು ಮೂಲಚಿತ್ರಗಳು ಇಂದಿಗೂ ಉಳಿದು ಬಂದಿರುವುದು ಆ ಹಟದಿಂದ.

ಇನ್ನು ಯುದ್ಧದ ಪುಸ್ತಕಗಳು. ಹಿರೊಶಿಮಾದ ಬಾಂಬಿನಲ್ಲಿ ಬದುಕಿ ಉಳಿದ ಮಕ್ಕಳು ಬರೆದ ಬರಹಗಳನ್ನು ಒಸಾದಾ ಅರಾತಾ ಎಂಬ ಶಿಕ್ಷಣತಜ್ಞರು 1951ರಲ್ಲಿ ಸಂಗ್ರಹಿಸಿದ್ದರು. ಅವುಗಳಿಂದ ಆಯ್ದ ಭಾಗಗಳಿಗೆ ಚಿತ್ರ ಬರೆಯಬೇಕೆಂಬ ಕೇಳಿಕೆ ಬಂದಾಗ ಚಿಹಿರೊ ಹಿರೊಶಿಮಾಕ್ಕೆ ಹೋದರು. ತಾವು ಮಲಗಿದ ನೆಲದ ಕೆಳಗೆ ಆ ಮಕ್ಕಳ ಎಲುಬುಗಳು ಇರಬಹುದೆಂಬ ಭಾವನೆಯಿಂದ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹೆಚ್ಚು ಸುತ್ತಿ ನೋಡಲಾರದೆ ಹಿಂದಿರುಗಿದರು. 1967ರಲ್ಲಿ ಬಂದ ‘ನಾನು ಚಿಕ್ಕವಳಾಗಿದ್ದಾಗ’ ಎಂಬ ಆ ಪುಸ್ತಕದಲ್ಲಿ ಸುಟ್ಟ ಮೈಗಳಿಲ್ಲ, ಹೆಣಗಳಿಲ್ಲ. ಇರುವುದು ಮಕ್ಕಳ ಮುಖ, ಬಣ್ಣವಿಲ್ಲದೆ. ಗುರುಗಳಾದ ಮಾರುಕಿ ದಂಪತಿಗಳು ಬೆಂದ ಮೈಯನ್ನೇ ಬರೆದು ತೋರಿಸಿದ್ದರು. ಶಿಷ್ಯೆ ಅದನ್ನು ಬರೆಯಲಿಲ್ಲ. ಇದು ಹೇಡಿತನವೇ? ಕೆಲವರು ಹಾಗೆಂದಿರಬಹುದು. ಆದರೆ ಈ ಪುಸ್ತಕ ಯಾರ ಕೈಗೆ ಹೋಗತಕ್ಕದ್ದು ಎಂಬುದನ್ನು ಆಕೆ ಮರೆಯಲಿಲ್ಲ. ಭಯಾನಕವಾದ ಚಿತ್ರವನ್ನು ಕಂಡ ಮಗು ಹಾಳೆಯನ್ನು ಮುಚ್ಚಿಬಿಡುತ್ತದೆ. ತನ್ನಂಥದೇ ಮುಖವನ್ನು ಕಂಡರೆ ನಿಂತು ನೋಡುತ್ತದೆ. ಆ ಮುಖದ ಮಗು ಆಮೇಲೆ ಇಲ್ಲವಾಯಿತೆಂದು ತಿಳಿದಾಗ ಅದಕ್ಕೆ ಅರ್ಥವಾಗುವುದು ಬೇರೆಯ ಬಗೆಯಲ್ಲಿ.

ಆ ಹೊತ್ತಿಗೆ ವಿಯೆಟ್ನಾಮಿನ ಮೇಲೆ ಬಾಂಬು ಬೀಳುತ್ತಿತ್ತು. ಓಕಿನಾವಾದ ನೆಲೆಯಿಂದ ಅಮೆರಿಕದ ವಿಮಾನಗಳು ಹಾರಿಹೋಗಿ ಬಾಂಬು ಹಾಕಿಬರುತ್ತಿದ್ದುದು ಜಪಾನಿನಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಈ ಸಲ ಕಾಣಲಿಲ್ಲವೆಂದು ಹೇಳುವಂತಿರಲಿಲ್ಲ. 1972ರಲ್ಲಿ ವಿಯೆಟ್ನಾಮಿನ ಕಥೆಯೊಂದಕ್ಕೆ ಚಿತ್ರ ಬರೆದರು. ಅದೇ ವರ್ಷ ಗೆಳೆಯರ ಪ್ರದರ್ಶನದಲ್ಲಿ ಯುದ್ಧದ ಮಕ್ಕಳ ಮೂರು ಚಿತ್ರಗಳನ್ನಿಟ್ಟರು. ಅವೇ ಬೆಳೆದು ‘ಯುದ್ಧದ ಬೆಂಕಿಯಲ್ಲಿ ಮಕ್ಕಳು’ ಎಂಬ ಪುಸ್ತಕವಾಯಿತು. ಮಾತುಗಳೂ ಅವರವೇ. ಆ ವೇಳೆಗೆ ಆರೋಗ್ಯ ಕೆಟ್ಟಿತ್ತು; ಆಸ್ಪತ್ರೆಗೂ ಮನೆಗೂ ಓಡಾಡುತ್ತ, ವರ್ಷಕ್ಕೂ ಮೀರಿ ದುಡಿದು, 1973ರಲ್ಲಿ ಅದನ್ನು ಮುಗಿಸಿದರು.

ಈ ಪುಸ್ತಕದ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನೀರುಬಣ್ಣದ ಸೊಗಸು ಇಲ್ಲಿ ಬಹುಮಟ್ಟಿಗೆ ಮಾಯವಾಗಿದೆ. ಕಪ್ಪು, ಬೂದಿ, ಅಲ್ಲಲ್ಲಿ ಒಂದಿಷ್ಟು ಕೆಂಪು. ಸೈಕ್ಲಮೆನ್ ಎಂಬ ಕೆಂಪುಹೂವಿನ ಎಸಳುಗಳಲ್ಲಿ ಸತ್ತ ಮಕ್ಕಳ ಮುಖಗಳು ತೇಲುತ್ತವೆ. ಉರಿಯ ನಡುವೆ ಕೂಸನ್ನು ಅವಚಿಕೊಂಡ ತಾಯಿಯೊಬ್ಬಳ ಚಿತ್ರ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾಗಿದೆ. ಚಿಹಿರೊ ಬರೆದ ಸಾವಿರಾರು ಮುಖಗಳಲ್ಲಿ ಅಂಥ ಬಿರುಸಿನ ಮುಖ ಇನ್ನೊಂದಿಲ್ಲವೆಂದು ತೋರುತ್ತದೆ. ಆ ತಾಯಿ ಅಳುವುದಿಲ್ಲ, ಬೇಡಿಕೊಳ್ಳುವುದಿಲ್ಲ. ಎದುರಿಗಿರುವ ಯಾರನ್ನೋ ದಿಟ್ಟಿಸಿ ನೋಡುತ್ತಾಳೆ. ಕೂಸು ಮಾತ್ರ ಹಳೆಯ ಚಿಹಿರೊ ಬರೆದ ಕೂಸೇ. ಬೆಂಕಿಯ ಅರಿವಿಲ್ಲದೆ ದುಂಡಗಿನ ಕೆನ್ನೆಯಿಂದ ತಾಯಿಯ ಎದೆಗೆ ಒರಗಿದೆ. ಸಿಹಿಯೆಂದು ಒಡನಾಡಿಗಳು ಆಕ್ಷೇಪಿಸಿದ ಆ ಕೆನ್ನೆಯಿಂದಲೇ ಇಡೀ ಚಿತ್ರ ನಿಂತಿದೆ. ಅದನ್ನು ಹರಕು ಬಟ್ಟೆಯ ಬಡಕಲು ಕೂಸಾಗಿ ಬರೆದಿದ್ದರೆ ತಾಯಿಯ ಆ ನೋಟಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ.

ದೊಡ್ಡವರಾಗುವುದನ್ನು ಕುರಿತು 1972ರಲ್ಲಿ ಅವರು ಒಂದು ಸಣ್ಣ ಪ್ರಬಂಧ ಬರೆದರು. ಹೆಂಗಸಿನ ಬಾಳಿನಲ್ಲಿ ಎಳೆಹರೆಯವೇ ಸೊಗಸೆಂದು ಲೋಕ ಹೇಳುತ್ತದೆ, ತಮಗಾದರೋ ಆ ಹರೆಯಕ್ಕೆ ಮರಳುವ ಆಸೆ ಸ್ವಲ್ಪವೂ ಇಲ್ಲ, ಆಗ ತಾವು ಯೋಚನೆಯಿಲ್ಲದವರಾಗಿದ್ದೆವು ಎಂಬುದು ಅದರ ಧಾಟಿ. ಹಳೆಯ ನೆನಪಿನ ಸಿಹಿಯನ್ನೇ ಬಂಡವಾಳ ಮಾಡಿಕೊಳ್ಳುವ ಲೇಖಕರು ಬಹಳ. ಮಕ್ಕಳ ಮುಖಕ್ಕೆ ಅಷ್ಟು ಬೆಳಕು ಕೊಟ್ಟ ಈಕೆ ತಮ್ಮ ಯೌವನಕ್ಕೆ ಮಾತ್ರ ಒಂದು ಹನಿ ಬಣ್ಣವನ್ನೂ ಬಳಿಯಲಿಲ್ಲ.

1974ರ ಆಗಸ್ಟ್ 8ರಂದು ಯಕೃತ್ತಿನ ಕ್ಯಾನ್ಸರಿನಿಂದ ಚಿಹಿರೊ ತೀರಿಕೊಂಡರು. ವಯಸ್ಸು ಐವತ್ತೈದು. ವಿಯೆಟ್ನಾಮಿನ ಯುದ್ಧ ಮುಗಿಯಲು ಇನ್ನೂ ಎಂಟು ತಿಂಗಳಿಗೂ ಹೆಚ್ಚು ಕಾಲವಿತ್ತು. ಬೆಂಕಿಯ ಮಕ್ಕಳ ಪುಸ್ತಕಕ್ಕೆ ಆ ವರ್ಷ ಜರ್ಮನಿಯ ಲೈಪ್‌ಜಿಗ್‌ನ ಅಂತರರಾಷ್ಟ್ರೀಯ ಪುಸ್ತಕ ಪ್ರದರ್ಶನದಲ್ಲಿ ಕಂಚಿನ ಪದಕ ಬಂದಿತು. ಮೇಜಿನ ಮೇಲೆ ಅರ್ಧಕ್ಕೆ ನಿಂತದ್ದು ಒಗಾವಾ ಮಿಮೇಯಿ ಬರೆದ ಕೆಂಪು ಮೇಣದಬತ್ತಿ ಮತ್ತು ಮತ್ಸ್ಯಕನ್ಯೆಯ ಕಥೆಗೆ ಬರೆಯುತ್ತಿದ್ದ ಕಪ್ಪು ಕಡಲಿನ ಚಿತ್ರಗಳು; ಅವನ್ನು ಮರುವರ್ಷ ಇದ್ದಂತೆಯೇ ಅಚ್ಚು ಮಾಡಿದರು.

ನೆರಿಮಾದ ಮನೆಯಿದ್ದ ಜಾಗದಲ್ಲಿ 1977ರಲ್ಲಿ ಅವರ ಚಿತ್ರಗಳ ಸಂಗ್ರಹಾಲಯ ತೆರೆಯಿತು. ಚಿತ್ರಪುಸ್ತಕಗಳಿಗೆಂದೇ ಮೀಸಲಾದ ಸಂಗ್ರಹಾಲಯ ಜಗತ್ತಿನಲ್ಲಿ ಅದೇ ಮೊದಲನೆಯದು. ಎರಡನೆಯದನ್ನು 1997ರಲ್ಲಿ ಕಟ್ಟಿದ್ದು ಮಾತ್ಸುಕಾವಾದಲ್ಲಿ, ಹುದ್ದೆ ಕಳೆದುಕೊಂಡ ತಂದೆತಾಯಿ ಬಂಜರು ಅಗೆದು ಹೊಲ ಮಾಡಿದ, ಬಡತನದ ದಿನಗಳಲ್ಲಿ ಎಳೆಗೂಸನ್ನು ಬಿಟ್ಟುಬಂದ ಆ ಹಳ್ಳಿಯಲ್ಲಿ.